ಬಹುಸಂತಾನದ ಮೀನುಹೇನು

ತುಳಸಿಯ ಕುಂಡಕ್ಕೇ ಜಾಗ ಸಾಲದ ನಮ್ಮ ಮುಂಬಯಿ ಮನೆಗಳಲ್ಲಿ ನಾಯಿ, ಬೆಕ್ಕುಗಳ ಮಾತೆಲ್ಲಿ ಬಂತು? ಮಕ್ಕಳ ಹಟಕ್ಕೆ ಕೊನೆಗೆ ಒದಗುವುದು ಮೀನಿನ ತೊಟ್ಟಿಯೇ. 1951ರಲ್ಲಿ ಮೆರೀನ್ ಡ್ರೈವಿನಲ್ಲಿ ತೆರೆದ ತಾರಾಪೋರೆವಾಲಾ ಮತ್ಸ್ಯಾಲಯವನ್ನು ಚಿಕ್ಕಂದಿನಲ್ಲಿ ಬಾಯಿಬಿಟ್ಟು ನೋಡಿದ ನಮಗೂ ಒಳಗೊಳಗೇ ಆಸೆಯಿತ್ತೆನ್ನಿ.

ಒಂದು ಮಳೆಗಾಲದಲ್ಲಿ ನಮ್ಮ ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಈಜುರೆಕ್ಕೆ ಮುದುಡಿತು, ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಅಂಗಡಿಯವನು ಕೊಟ್ಟ ನೀಲಿ ಔಷಧ ಹಾಕಿದೆವು. ಮೂರು ದಿನದಲ್ಲಿ ಚುಕ್ಕೆ ಮಾಯ. ವಾಸಿಯಾಯಿತೆಂದು ನೀರು ಬದಲಿಸಿ ನಿಶ್ಚಿಂತರಾದೆವು. ಮರುವಾರ ಚುಕ್ಕೆಗಳು ಮೊದಲಿಗಿಂತ ದಟ್ಟವಾಗಿ ಬಂದವು. ಎಂಟು ಮೀನುಗಳಲ್ಲಿ ಒಂದೂ ಉಳಿಯಲಿಲ್ಲ. ತಪ್ಪೆಲ್ಲಿ ಎಂದು ಹುಡುಕಹೊರಟಾಗ ತಿಳಿಯಿತು, ಅದಕ್ಕೆ ಉತ್ತರ 19ನೆಯ ಶತಮಾನದಲ್ಲೇ ದೊರೆತಿತ್ತು.

ಮೀನು ಸಾಕುವುದು ಹಳೆಯ ಹವ್ಯಾಸ. ಸೊಂಗ್ ಅರಸರ ಕಾಲದ ಚೀನೀಯರು ಹೊನ್ನಮೀನು ಸಾಕಿದರು. ನಮ್ಮ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಗಾಳದ ವಿನೋದವನ್ನು ವರ್ಣಿಸುತ್ತ ಮೀನುಗಳ ಆಹಾರದ ವಿಚಾರವನ್ನೂ ಹೇಳಿದ್ದಾನೆ. ಆದರೆ ಕೊಳದ ದಡದಲ್ಲಿ ನಿಂತವನಿಗೆ ಕಾಣುವುದು ಮೀನಿನ ಬೆನ್ನು ಮಾತ್ರ. ಪಕ್ಕದಿಂದ ನೋಡಲು ಗಾಜು ಬೇಕು. 1850ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್, ಜಲಸಸ್ಯ ಮತ್ತು ಬಸವನಹುಳುಗಳ ಜೊತೆಗಿಟ್ಟರೆ ತೊಟ್ಟಿಯಲ್ಲಿ ಮೀನು ಬಹುಕಾಲ ಬದುಕುವುದೆಂದು ವರದಿ ಮಾಡಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಗಾಜಿನ ಹಿಂದೆ ಮೀನಿನ ಸೊಗಸು ಕಂಡಂತೆ ಕಾಯಿಲೆಯೂ ಕಂಡಿತು.

1869ರಲ್ಲಿ ಹ್ಯಾಂಬರ್ಗಿನ ಹಿಲ್ಗೆನ್‌ಡಾರ್ಫ್ ಮತ್ತು ಪಾಲಿಕಿ ಅವರು ಮೀನಿನ ಚರ್ಮದಲ್ಲಿ ಬೀಡುಬಿಡುವ ಏಕಕೋಶ ಜೀವಿಯನ್ನು ಕುರಿತು ಬರೆದರು. 1876ರಲ್ಲಿ ಫ್ರಾನ್ಸಿನ ಫೂಕೆ ಅದಕ್ಕೆ ‘ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್’ ಎಂದು ಹೆಸರಿಟ್ಟರು. ನಾಲಿಗೆ ತೊಡರುವ ಈ ಹೆಸರಿನ ಅರ್ಥ ಬಹುಸಂತಾನದ ಮೀನುಹೇನು ಎಂದು. ನಿಜವಾದ ಹೇನೇನೂ ಅಲ್ಲ. ಆದರೆ ‘ಬಹುಸಂತಾನ’ವೆಂಬುದರಲ್ಲಿ ನಮ್ಮ ಎಂಟು ಮೀನುಗಳ ಸಾವಿನ ಕಾರಣವಿದೆ.

ನಾವು ಕಾಣುವ ಚುಕ್ಕೆಯೊಳಗಿನ ಜೀವಿ ಮೀನಿನ ಹೊರಚರ್ಮದ ಅಡಿಯಲ್ಲಿ ಬೆಚ್ಚಗಿರುತ್ತದೆ. ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದೇ ಇಲ್ಲ. ಬಲಿತ ಮೇಲೆ ತಾನಾಗಿಯೇ ಚರ್ಮ ಬಿಟ್ಟು ತಳಕ್ಕಿಳಿಯುತ್ತದೆ. ‘ಗುಣವಾಯಿತು’ ಎಂದು ನಾವು ಹಿಗ್ಗುವ ದಿನ ಅದೇ! ತಳದಲ್ಲಿ ಕೋಶ ಕಟ್ಟಿಕೊಂಡು ಒಡೆದೊಡೆದು ನೂರಾರು ಮರಿಗಳಾಗುತ್ತದೆ. ಅವು ಈಜುತ್ತ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಸಿಗದಿದ್ದರೆ ಸಾಯುತ್ತವೆ. ಔಷಧಕ್ಕೆ ಸಿಕ್ಕುವುದು ಈ ಈಜುವ ಮರಿಗಳು ಮಾತ್ರ. ನಾವು ಔಷಧ ನಿಲ್ಲಿಸಿದ್ದು ಸರಿಯಾಗಿ ಅವು ಹೊರಬರುವ ಹೊತ್ತಿಗೆ.

ವಿಚಿತ್ರವೆಂದರೆ ನೀಲಿ ಔಷಧವಾದ ಮೆಥಿಲೀನ್ ಬ್ಲೂ ಹುಟ್ಟಿದ್ದೂ 1876ರಲ್ಲೇ. ಜರ್ಮನಿಯ ಹೈನ್ರಿಕ್ ಕಾರೋ ಅದನ್ನು ಬಟ್ಟೆಯ ಬಣ್ಣವಾಗಿ ತಯಾರಿಸಿದರು. 1891ರಲ್ಲಿ ಪಾಲ್ ಎರ್ಲಿಕ್ ಮತ್ತು ಗುಟ್‌ಮನ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಮೀನಿನ ತೊಟ್ಟಿಗೆ ಇಳಿದದ್ದು ಆಮೇಲೆ. ಅಂಗಡಿಗಳು ಕಣ್ಣುಮುಚ್ಚಿ ಕೊಡುವಷ್ಟು ಪ್ರಬಲವೇನೂ ಅಲ್ಲ ಅದು. ಗಿಡಗಳನ್ನೂ ಶೋಧಕದೊಳಗಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೆಡಿಸುತ್ತದೆ.

ನಮಗೆ ಒಗ್ಗಿದ್ದು ಉಪ್ಪು. ಲೀಟರಿಗೆ 1ರಿಂದ 3 ಗ್ರಾಂ, ಸ್ವಲ್ಪಸ್ವಲ್ಪವಾಗಿ. ಹುರುಪೆಯಿಲ್ಲದ ಮೀನುಗಳಿಗೆ ಮಾತ್ರ ಇದು ಸುಲಭವಾಗಿ ಸಹಿಸದು, ಜೋಕೆ. ನೀರು ಬೆಚ್ಚಗಾದಷ್ಟೂ ಈ ಜೀವಿಯ ಚಕ್ರ ಬೇಗ ತಿರುಗುವುದರಿಂದ ಮರಿಗಳು ಬೇಗ ಹೊರಬರುತ್ತವೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿಯ ಪಂಪು ನಿಲ್ಲಕೂಡದು. ಕೊನೆಯ ಚುಕ್ಕೆ ಹೋದ ಮೇಲೂ ಕನಿಷ್ಠ ಒಂದು ವಾರ ಚಿಕಿತ್ಸೆ ನಡೆಯಬೇಕು. ಕೆಲವೊಮ್ಮೆ ಕಾಯಿಲೆ ಕಿವಿರುಗಳಲ್ಲೇ ಅಡಗಿರುವುದುಂಟು. ಆಗ ಚುಕ್ಕೆ ಕಾಣದು, ಮೀನು ಮೇಲೆ ಬಂದು ಏದುಸಿರು ಬಿಡುವುದೇ ಗುರುತು.

ಈಗ ನಮ್ಮಲ್ಲಿ ಆರು ಗಪ್ಪಿಗಳಿವೆ. ಹೊಸದಾಗಿ ತಂದ ಮೀನು ಮೂರು ವಾರ ಬೇರೆ ಬಕೆಟ್ಟಿನಲ್ಲೇ ಇರಬೇಕು. ನಲ್ಲಿ ನೀರು ಬರುವ ಹೊತ್ತಿಗೆ ಇದ್ದ ಬಕೆಟ್ಟನ್ನೂ ಮೀನಿಗೆ ಕೊಟ್ಟಿರೆಂದು ಮನೆಯಲ್ಲಿ ಗೊಣಗಾಟ ನಡೆದೇ ಇದೆ.