ನೆರೆಹೊರೆ ಘಟಕ

ನಗರದ ವಸತಿ ಪ್ರದೇಶವನ್ನು ಪ್ರಾಥಮಿಕ ಶಾಲೆಯೊಂದನ್ನು ನಡುವೆ ಇಟ್ಟುಕೊಂಡ ಸಣ್ಣ ಬಡಾವಣೆಗಳಾಗಿ ವಿಂಗಡಿಸುವ ಯೋಜನಾಕ್ರಮ. ಇಪ್ಪತ್ತನೆಯ ಶತಮಾನದ ನಗರಯೋಜನೆಯಲ್ಲಿ ಇದರಷ್ಟು ದೇಶ ಸುತ್ತಿದ ಕಲ್ಪನೆಗಳು ಕಡಿಮೆ. ಭಾರತದಲ್ಲಿ ಇದರ ಮಾತು ಬಂದರೆ ಚಂಡೀಗಢದ ಸೆಕ್ಟರುಗಳನ್ನೂ ಲ ಕಾರ್ಬುಸಿಯೆಯನ್ನೂ ಹೆಸರಿಸುವುದು ರೂಢಿ. ಆದರೆ ಕಲ್ಪನೆ ಹುಟ್ಟಿದ್ದು ಬೇರೆಡೆ; ಭಾರತಕ್ಕೆ ಅದು ಬಂದದ್ದೂ ಚಂಡೀಗಢಕ್ಕಿಂತ ಮೊದಲೇ.

ಕಲ್ಪನೆಯ ಜನಕನೆಂದು ಹೆಚ್ಚಿನ ಪುಸ್ತಕಗಳು ಹೇಳುವುದು ಅಮೆರಿಕದ ಕ್ಲಾರೆನ್ಸ್ ಪೆರಿಯನ್ನು. ನ್ಯೂಯಾರ್ಕ್ ಪ್ರದೇಶದ ಸಮೀಕ್ಷೆಯ ಏಳನೆಯ ಸಂಪುಟದಲ್ಲಿ, 1929ರಲ್ಲಿ, ಪೆರಿ ಇದರ ಅಳತೆಗಳನ್ನು ಗೊತ್ತುಮಾಡಿದರು: ಸುಮಾರು 160 ಎಕರೆ ಜಾಗ, ಒಂದು ಶಾಲೆ ತುಂಬುವಷ್ಟು ಜನ, ಮನೆಯಿಂದ ಶಾಲೆಗೆ ಕಾಲು ಮೈಲಿಯ ಆಸುಪಾಸಿನ ನಡಿಗೆ, ಹತ್ತರಲ್ಲಿ ಒಂದು ಪಾಲು ಮೈದಾನ ಮತ್ತು ಉದ್ಯಾನ. ದೊಡ್ಡ ರಸ್ತೆಗಳು ಅಂಚಿನಲ್ಲೇ ಹಾದುಹೋಗಬೇಕು, ಅಂಗಡಿಗಳು ಆ ರಸ್ತೆಗಳು ಕೂಡುವ ಮೂಲೆಗಳಲ್ಲಿರಬೇಕು. ಬೀದಿಗಿಳಿದ ಮಕ್ಕಳು ಮೋಟಾರಿಗೆ ಸಿಕ್ಕಿ ಸಾಯುತ್ತಿದ್ದ ಕಾಲ ಅದು. ಶಾಲೆಗೆ ಹೋಗುವ ಮಗು ದೊಡ್ಡ ರಸ್ತೆ ದಾಟುವಂತಾಗಬಾರದು ಎಂಬ ಕಾಳಜಿಯೇ ಇಷ್ಟೂ ಲೆಕ್ಕದ ಬೇರು.

ಪೆರಿಯ ಹಕ್ಕು ಈಗ ಪ್ರಶ್ನಾತೀತವಲ್ಲ. ಫ್ರಾಂಕ್ ಲಾಯ್ಡ್ ರೈಟ್ ಕಚೇರಿಯಲ್ಲಿ ಪಳಗಿದ್ದ ವಿಲಿಯಂ ಡ್ರಮಂಡ್, ಷಿಕಾಗೊ ಸಿಟಿ ಕ್ಲಬ್ 1912–13ರಲ್ಲಿ ಏರ್ಪಡಿಸಿದ್ದ ಸ್ಪರ್ಧೆಯ ಸಂದರ್ಭದಲ್ಲಿ ಇಂಥದೇ ನಕ್ಷೆಯೊಂದನ್ನು ಬಿಡಿಸಿದ್ದರು. ಸ್ಪರ್ಧೆಗೆ ಗೊತ್ತಾಗಿದ್ದ ನಿವೇಶನವೂ 160 ಎಕರೆಯದೇ. ನಕ್ಷೆಗಳು 1916ರಲ್ಲಿ ಪುಸ್ತಕವಾಗಿ ಅಚ್ಚಾದವು. ಇತಿಹಾಸಕಾರ ಡೊನಾಲ್ಡ್ ಲೆಸ್ಲಿ ಜಾನ್ಸನ್ 2002ರ ಲೇಖನದಲ್ಲಿ ಇದನ್ನು ಎತ್ತಿ ತೋರಿಸಿದರು. ಕಲ್ಪನೆ ಡ್ರಮಂಡರದು, ಅದನ್ನು ನಿಯಮಗಳಲ್ಲಿ ಕಟ್ಟಿ ಪ್ರಚಾರಕ್ಕೆ ತಂದವರು ಪೆರಿ ಎನ್ನುವುದೇ ಲಭ್ಯ ದಾಖಲೆಗಳಿಗೆ ಹೆಚ್ಚು ಹೊಂದುತ್ತದೆ.

ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ (1929), ಯುದ್ಧಾನಂತರದ ಬ್ರಿಟನ್ನಿನ ಸ್ಟೀವನೇಜ್ ಮತ್ತು ಹಾರ್ಲೊ ಪಟ್ಟಣಗಳು ಈ ಕ್ರಮದ ಪ್ರಸಿದ್ಧ ಪ್ರಯೋಗಗಳು.

ಭಾರತದ ಕಥೆಯಲ್ಲಿ ಮೊದಲು ಬರಬೇಕಾದ ಹೆಸರು ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟ ಈ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಇಲ್ಲಿದ್ದಾಗಲೇ, 1944–45ರಲ್ಲಿ, ಟಾಟಾ ಕಂಪನಿಗಾಗಿ ಜಮ್‌ಷೆಡ್‌ಪುರದ ಯೋಜನೆ ಸಿದ್ಧಪಡಿಸಿದರು. ಅದರ ವಸತಿಭಾಗ ನೆರೆಹೊರೆ ಘಟಕಗಳ ಮೇಲೆ ನಿಂತಿತ್ತು. ಕಟಕದಿಂದ ಒಡಿಶಾದ ರಾಜಧಾನಿಯನ್ನು ಭುವನೇಶ್ವರಕ್ಕೆ ಸಾಗಿಸಲು ನಿಶ್ಚಯವಾದಾಗ ಆ ನಗರದ ಯೋಜನೆಯನ್ನೂ ಅವರೇ ಮಾಡಿದರು. ನೆಹರೂ ಶಂಕುಸ್ಥಾಪನೆ ಮಾಡಿದ್ದು 1948ರ ಏಪ್ರಿಲ್ 13ರಂದು. ಅಲ್ಲಿ ರಸ್ತೆಗಳು ಏಳು ಬಗೆ: ಕಾಲುದಾರಿ, ಉದ್ಯಾನದಾರಿ, ಸೈಕಲ್‌ದಾರಿಗಳಿಂದ ಹಿಡಿದು ನಗರದ ಮಹಾಮಾರ್ಗದವರೆಗೆ. ಚಂಡೀಗಢದಲ್ಲಿ ಕಾರ್ಬುಸಿಯೆ ಮಾಡಿದ ರಸ್ತೆ ವಿಂಗಡಣೆಯೂ ಏಳೇ; ಸಂಖ್ಯೆ ಒಂದೇ ಎಂಬ ಕಾರಣಕ್ಕೆ ಒಂದನ್ನು ಇನ್ನೊಂದರ ನಕಲೆನ್ನುವುದು ಸರಿಯಲ್ಲ. ಭುವನೇಶ್ವರದವರು ಇಂದಿಗೂ ಯೂನಿಟ್-1, ಯೂನಿಟ್-4, ಯೂನಿಟ್-6 ಎಂದೇ ವಿಳಾಸ ಹೇಳುತ್ತಾರೆ. ಇಷ್ಟಾಗಿಯೂ ಆಧುನಿಕ ನಗರಗಳ ಚರಿತ್ರೆಗಳಲ್ಲಿ ಈ ನಗರಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ, ಅದು ಅನ್ಯಾಯವೇ ಸರಿ.

ಚಂಡೀಗಢದ ಮೊದಲ ನಕ್ಷೆ ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೊವಿಟ್ಸ್ಕಿ ಅವರದು. ಬಾಗಿದ ರಸ್ತೆಗಳ ಬೀಸಣಿಗೆಯಾಕಾರದ ಆ ನಕ್ಷೆಯಲ್ಲಿ ವಸತಿಯೆಲ್ಲ ಸ್ವಯಂಪೂರ್ಣ ಘಟಕಗಳಾಗಿ ಹಂಚಿಕೆಯಾಗಿತ್ತು. 1950ರ ಆಗಸ್ಟ್ 31ರಂದು ನೊವಿಟ್ಸ್ಕಿ ಈಜಿಪ್ಟಿನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ಬಂದ ಕಾರ್ಬುಸಿಯೆ ರಸ್ತೆಗಳನ್ನು ನೇರ್ಪಡಿಸಿ ಘಟಕವನ್ನು 800 × 1200 ಮೀಟರಿನ ಸೆಕ್ಟರ್ ಮಾಡಿದರು. ಅವರು ನಿಜವಾಗಿ ಬದಲಿಸಿದ್ದು ಪೇಟೆಯ ಜಾಗವನ್ನು. ಪೆರಿ ಅಂಚಿಗೆ ತಳ್ಳಿದ್ದ ಅಂಗಡಿಗಳು ಇಲ್ಲಿ ಸೆಕ್ಟರಿನ ಒಳಗೇ ಹಾಯುವ ಬೀದಿಗೆ ಬಂದವು. ಆ ಬೀದಿ ಮುಂದೆ ಪಕ್ಕದ ಸೆಕ್ಟರಿನ ಪೇಟೆಬೀದಿಗೆ ಕೂಡಿಕೊಳ್ಳುತ್ತದೆ. ಗಿರಾಕಿಗೆ ನೆರಳು ಸಿಗಲೆಂದು ಅಂಗಡಿಸಾಲು ಬೀದಿಯ ದಕ್ಷಿಣ ಮಗ್ಗುಲಲ್ಲಿ ಮಾತ್ರ. ಮೊದಲು ಎದ್ದು ನಿಂತ 22ನೆಯ ಸೆಕ್ಟರಿನ ಮನೆಗಳು ಮಾತ್ರ ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಮತ್ತು ಪಿಯರ್ ಜನರೆ ಅವರ ಕೆಲಸ; ಈ ಮೂವರನ್ನು ಬಿಟ್ಟು ಸೆಕ್ಟರಿನ ಬಗ್ಗೆ ಬರೆಯುವುದು ಅಪೂರ್ಣ.

ಕಲ್ಪನೆಯ ಮೇಲಿನ ಆಕ್ಷೇಪವೂ ಹಳೆಯದೇ. ಅಮೆರಿಕದಲ್ಲಿ ಇದು ಕರಿಯರನ್ನೂ ಬಡವರನ್ನೂ ಹೊರಗಿಡುವ ಸಾಧನವಾಗುತ್ತಿದೆ ಎಂದು ರೆಜಿನಾಲ್ಡ್ ಐಸಾಕ್ಸ್ 1948ರಲ್ಲೇ ಬರೆದರು. ಭಾರತದಲ್ಲಿ ವಿಂಗಡಣೆ ನಡೆದದ್ದು ಸರ್ಕಾರಿ ದರ್ಜೆಯ ಮೇಲೆ. ಚಂಡೀಗಢದಲ್ಲಿ ನೌಕರರ ಮನೆಗಳು ಹುದ್ದೆಗೆ ತಕ್ಕಂತೆ ವರ್ಗಗಳಾದವು; ಉತ್ತರದ ಸೆಕ್ಟರುಗಳಲ್ಲಿ ದೊಡ್ಡ ನಿವೇಶನಗಳು, ದಕ್ಷಿಣಕ್ಕೆ ಹೋದಂತೆ ಜನಸಾಂದ್ರತೆ ಹೆಚ್ಚು. 1ರಿಂದ 30ರವರೆಗಿನ ಸೆಕ್ಟರುಗಳ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯುವುದಕ್ಕೆ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತಡೆ ಹಾಕಿತು. ಪರಂಪರೆಯ ರಕ್ಷಣೆಯ ಜೊತೆಗೆ ಆ ಹಳೆಯ ಅಸಮಾನತೆಯೂ ಇದರಿಂದ ಉಳಿದುಕೊಳ್ಳುತ್ತದೆ.

ಪ್ಯಾರಿಸ್ ನಗರಾಡಳಿತ 2020ರ ಸುಮಾರಿಗೆ ಕೈಗೆತ್ತಿಕೊಂಡ, ಕಾರ್ಲೊಸ್ ಮೊರೆನೊ ಪ್ರತಿಪಾದಿಸಿದ ‘ಹದಿನೈದು ನಿಮಿಷದ ನಗರ’ವನ್ನು ಈ ಪರಂಪರೆಯ ಮುಂದುವರಿಕೆ ಎನ್ನುವುದುಂಟು. ನಡಿಗೆಯ ಅಳತೆಯಲ್ಲಿ ಎರಡೂ ಸಮೀಪವೇ. ಆದರೆ ಮೊರೆನೊ ದುಡಿಮೆಯ ಜಾಗವನ್ನೂ ಮನೆಯ ಹತ್ತಿರ ತರಲು ಹೊರಟವರು. ಪೆರಿಯ ಘಟಕದ ಜನ ದುಡಿಯಲು ದಿನವೂ ದೊಡ್ಡ ರಸ್ತೆ ಹಿಡಿದು ಹೊರಗೆ ಹೋಗಲೇಬೇಕಿತ್ತು.