ಕೃಪೆ ಮತ್ತು ಪಂಕ್ತಿ: ಗಂಜಾಮಿನಿಂದ ಮೇಲುಕೋಟೆಯವರೆಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಈಚೆಗೆ ನಾನು ಚರ್ಚುಗಳಲ್ಲಿ ಕೇಳಿದ ಪ್ರಸಂಗಗಳಲ್ಲಿ ಒಂದು ಮಾತು ಮತ್ತೆಮತ್ತೆ ಬರುತ್ತದೆ: ನೆರೆಯವರದು ಧರ್ಮಶಾಸ್ತ್ರ, ನಮ್ಮದು ಕೃಪೆ. ಮನುಷ್ಯ ನೀತಿವಂತನಾಗುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂಬ ಪೌಲನ ವಾದವನ್ನು ಹೀಗೆ ಪಕ್ಕದ ಮನೆಯ ವ್ರತ, ಪೂಜೆಗಳ ಮೇಲೆ ತಿರುಗಿಸುವುದು ತಪ್ಪು. ಮೋಶೆಯ ‘ತೋರಾ’ಕ್ಕೆ ಕನ್ನಡ ಬೈಬಲು ‘ಧರ್ಮಶಾಸ್ತ್ರ’ ಎಂದಿತು. ಕೇಳುವವರ ಕಿವಿಗೆ ಮನು, ಯಾಜ್ಞವಲ್ಕ್ಯರು ಬಿದ್ದರು.

ಈ ಸೀಮೆಗೆ ಇಂಥ ಚರ್ಚೆ ಹೊಸತಲ್ಲ. 17ನೆಯ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡದಲ್ಲಿ ಧರ್ಮೋಪದೇಶ ಬರೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಚದುರಿದ್ದ ಕ್ರೈಸ್ತರನ್ನು ಕೂಡಿಸಿದವರು ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ಫ್ರೆಂಚ್ ಕಥೋಲಿಕ ಪಾದ್ರಿ ಅಬ್ಬೆ ದುಬುವಾ. ಹಿಂದೂಗಳಲ್ಲಿ ಕ್ರೈಸ್ತಮತ ಬೇರೂರದು, ಆಡಂಬರದ ಆರಾಧನೆಯುಳ್ಳ ಕಥೋಲಿಕರೇ ಸೋತಲ್ಲಿ ಪ್ರೊಟೆಸ್ಟಂಟರ ಬರಿ ಬೋಧನೆ ಗೆಲ್ಲದು ಎಂದು 1823ರಲ್ಲಿ ಅವರು ಬರೆದರು. ಜಾತಿಪದ್ಧತಿಯನ್ನು ಸಮರ್ಥಿಸಿದವರೂ ಅವರೇ. ಸಿಡುಬಿಗೆ ಲಸಿಕೆ ಹಾಕಿಸಿದ ಅವರ ಕರುಣೆ ದೊಡ್ಡದು. ಒಟ್ಟಿಗೆ ಕೂತು ಉಣ್ಣುವ ಪಂಕ್ತಿಯ ವಿಷಯದಲ್ಲಿ ಅದು ಹಿಂಜರಿಯಿತು.

ಮೈಸೂರಿನ ವೆಸ್ಲಿಯನ್ ಮಿಷನರಿಗಳು ಕೃಪೆಯನ್ನು ಎದೆಯೊಳಗಿನ ಅನುಭವವಾಗಿ ಸಾರಿದರು. 1738ರ ಮೇ 24ರಂದು, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಪೀಠಿಕೆಯನ್ನು ಕೇಳುತ್ತ ಎದೆ ಬೆಚ್ಚಗಾದ ಜಾನ್ ವೆಸ್ಲಿಯ ಮಕ್ಕಳಲ್ಲವೇ! ಉತ್ತಂಗಿ ಚನ್ನಪ್ಪನವರದು ಬೇರೆ ದಾರಿ. ಬಾಸೆಲ್ ಮಿಷನ್ನಿನ ಈ ಪಾದ್ರಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು, ಶರಣರನ್ನು ಗೌರವದಿಂದ ಓದಿದರು. ಕನ್ನಡ ಕ್ರೈಸ್ತ ಚಿಂತನೆಗೆ ಅವರಷ್ಟು ನೆಲದ ವಾಸನೆ ತಂದವರು ವಿರಳ.

ನನ್ನ ತಲೆಮಾರಿನ ಕಣ್ಣು ತೆರೆಸಿದ್ದು 1977ರಲ್ಲಿ ಬಂದ ಇ.ಪಿ. ಸ್ಯಾಂಡರ್ಸ್ ಅವರ ಪೌಲನ ಅಧ್ಯಯನ. ಯೆಹೂದ್ಯರು ಪುಣ್ಯ ಕೂಡಿಹಾಕಿ ಮೋಕ್ಷ ಕೊಳ್ಳುವವರು ಎಂಬ ಚಿತ್ರವನ್ನು ಅವರು ಅಳಿಸಿದರು. ದೇವರು ಕೃಪೆಯಿಂದ ಆರಿಸಿಕೊಂಡ ಮೇಲೆ ಆ ಒಡಂಬಡಿಕೆಯೊಳಗೆ ಬಾಳುವ ಕ್ರಮವೇ ಧರ್ಮಶಾಸ್ತ್ರ. ವಿಮೋಚನಕಾಂಡದಲ್ಲೇ ನೋಡಿ: ಸಮುದ್ರ ದಾಟಿದ್ದು 14ನೆಯ ಅಧ್ಯಾಯದಲ್ಲಿ, ಹತ್ತು ಆಜ್ಞೆಗಳು 20ರಲ್ಲಿ. ಬಿಡುಗಡೆ ಮೊದಲು, ಕಟ್ಟಳೆ ಆಮೇಲೆ. ಹಾಗಾದರೆ ಪೌಲ ಕೆರಳಿದ್ದೇಕೆ? ಅಂತಿಯೋಕ್ಯದಲ್ಲಿ ಅನ್ಯಜನರ ಸಂಗಡ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಎಲೆ ಬಿಟ್ಟೆದ್ದ. ಇದನ್ನು ನಮ್ಮವರು ಪಂಕ್ತಿಭೇದ ಎನ್ನುತ್ತಾರೆ. ನಂಬಿಕೆಯಿಂದಲೇ ನೀತಿವಂತರಾಗುವ ಮಾತು ಹುಟ್ಟಿದ್ದು ಊಟದ ಸಾಲಿನಲ್ಲಿ. ಈ ಓದನ್ನು ಹೊಸ ಫ್ಯಾಷನ್ ಎಂದು ತಳ್ಳಿಹಾಕುವವರು ಈ ಪ್ರಸಂಗ ಬರುವ ಗಲಾತ್ಯ ಪತ್ರಿಕೆಯನ್ನು ಪೂರ್ತಿ ಓದಿಲ್ಲ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ನೀತಿವಂತರಾಗುವ ಈ ತತ್ತ್ವದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರೂ ಸೇರಿದರು. ನಮ್ಮ ಹಳ್ಳಿಯ ಸಭೆಗಳಲ್ಲಿ ಆ ಸುದ್ದಿಯನ್ನು ನಾನು ಕೇಳಲೇ ಇಲ್ಲ.

ಶ್ರೀವೈಷ್ಣವರ ಕ್ಷೇತ್ರವಾದ ಮೇಲುಕೋಟೆಯ ಹೆಸರನ್ನೂ ಕೇಳಲಿಲ್ಲ. ಶರಣಾದವನನ್ನು ದೇವರು ಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ಕಾಯುತ್ತಾನೋ, ಕೋತಿಮರಿಯಂತೆ ನಾವೂ ಅವುಚಿಕೊಳ್ಳಬೇಕೋ ಎಂದು ಶ್ರೀವೈಷ್ಣವರ ಎರಡು ಪಂಗಡಗಳಾದ ತೆಂಗಲೆ, ವಡಗಲೆಯವರು ಶತಮಾನಗಳಿಂದ ವಾದಿಸಿದ್ದಾರೆ. ರಾಮಾನುಜರು ಮೇಲುಕೋಟೆಯಲ್ಲಿ ಅಸ್ಪೃಶ್ಯರೆನಿಸಿದ್ದ ತಿರುಕುಲದವರಿಗೆ ದೇವಾಲಯದ ಬಾಗಿಲು ತೆರೆದರೆಂದು ಸಂಪ್ರದಾಯ ಹೇಳುತ್ತದೆ. ಇಂಥ ನೆರೆಯವರಿಗೆ ಕೃಪೆ ಗೊತ್ತಿಲ್ಲ ಎನ್ನುವ ಬೋಧಕ ತನ್ನ ಸಭೆಯಲ್ಲಿ ಯಾರು ಯಾರ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದನ್ನು ಮೊದಲು ಎಣಿಸಲಿ.

ಪ್ರಸಂಗಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಗಲಾತ್ಯ ಪತ್ರಿಕೆಯ ಎರಡನೆಯ ಅಧ್ಯಾಯದಿಂದ 16ನೆಯ ವಚನವನ್ನು ಮಾತ್ರ ಕಿತ್ತು ಓದಬೇಡಿ, 11ರಿಂದ ಓದಿ.