ಬೆಲ್ಲ ನಮ್ದು, ಒಲೆ ನಮ್ದು, ಭಟ್ಟಿ ಇಟ್ರೆ ಯಾಕೆ ಕೇಸು?

"ನಮ್ಮ ಬೆಲ್ಲ, ನಮ್ಮ ಸೌದೆ, ಕುಡಿಯೋರೂ ನಾವೇ. ಸರ್ಕಾರಕ್ಕೇನು ನಷ್ಟ?" ಎಮ್ಮೆದೊಡ್ಡಿ ಕಡೆ ಕಟ್ಟೆ ಮೇಲೆ ನಾಲ್ಕು ಜನ ಕೂತರೆ ಒಬ್ಬರಾದ್ರೂ ಇದನ್ನ ಕೇಳ್ತಾರೆ. ನಷ್ಟ ಇದೆ. ಕಾನೂನು ಹುಟ್ಟಿದ್ದೇ ಆ ನಷ್ಟದ ಲೆಕ್ಕದಿಂದ.

ಹಿಂದೆ ಸಾರಾಯಿ ಮಾರೋ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಹರಾಜು ಕೂಗಿದ ಗುತ್ತಿಗೆದಾರ ದುಡ್ಡು ಕಟ್ಟಿದ ಮೇಲೆ ಪಕ್ಕದ ಹಟ್ಟಿಯವರು ತಾವೇ ಕಾಯಿಸಿಕೊಂಡರೆ ಅವನ ಗಿರಾಕಿ ಹೋದಂತೆ. ಮುಂದಿನ ವರ್ಷ ಅವನು ಕಮ್ಮಿಗೆ ಕೂಗ್ತಾನೆ, ಖಜಾನೆಗೆ ಏಟು. ಹಾಗಾಗಿ ಮನೆ ಭಟ್ಟಿ ಕಳ್ಳಭಟ್ಟಿ ಆಯ್ತು. ಕದ್ದದ್ದು ಬೆಲ್ಲವನ್ನಲ್ಲ, ತೆರಿಗೆಯನ್ನು. ಮದ್ರಾಸ್ ಪ್ರಾಂತ್ಯದಲ್ಲಿ 1886ರಲ್ಲಿ, ನಮ್ಮ ಕಡೂರು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಅಬಕಾರಿ ಕಾಯ್ದೆ ಬಂತು. ಏಕೀಕರಣದ ನಂತರ ಅವುಗಳ ಜಾಗಕ್ಕೆ ಬಂದ 1965ರ ಕಾಯ್ದೆಯೇ ಇವತ್ತಿಗೂ ನಡೀತಿರೋದು. ಅದರ 13ನೇ ಕಲಂ ನೋಡಿ: ಲೈಸೆನ್ಸ್ ಇಲ್ಲದೆ ಕಾಯಿಸೋದಷ್ಟೇ ಅಲ್ಲ, ಕಾಯಿಸೋಕೆ ಅಂತ ಪಾತ್ರೆ, ಸಾಮಾನು ಇಟ್ಕೊಂಡ್ರೂ ತಪ್ಪೇ.

ಮರದ ವಿಷಯವೂ ಹಾಗೇ. ತೆಂಗು ನಮ್ಮ ಹೊಲದ್ದೇ ಆದರೂ ಹೆಂಡ ಇಳಿಸುವಂತಿಲ್ಲ. ಹುಳಿ ಬರದ ನೀರಾವನ್ನೂ ಕಾಯ್ದೆ ಹೆಂಡದ ಜೊತೆಗೇ ಸೇರಿಸಿತ್ತು. ನುಸಿ ರೋಗಕ್ಕೆ ತೋಟ ಹಾಳಾಗಿ ನೀರಾ ಇಳಿಸಲು ಬಿಡಿ ಅಂತ ಹೋರಾಡಿದ ರೈತರ ಮೇಲೆ 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ಪ್ರಾಣ ಹೋದವು. ಲೈಸೆನ್ಸ್ ಮೇಲೆ ನೀರಾಗೆ ದಾರಿ ಬಿಟ್ಟದ್ದು ಎಷ್ಟೋ ವರ್ಷ ಆದಮೇಲೆ.

ಹಾಗಂತ ಬರೀ ದುಡ್ಡಿನ ಕಾನೂನು ಅಂತ ತಳ್ಳಿಹಾಕೋಕೂ ಆಗಲ್ಲ. 1981ರ ಜುಲೈನಲ್ಲಿ ಬೆಂಗಳೂರಲ್ಲಿ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್. ಬೆಲ್ಲದ ಕೊಳೆಯಲ್ಲಿ ಅದು ಹುಟ್ಟೋದು ತೀರಾ ಕಮ್ಮಿ. ಕಾರ್ಖಾನೆ ಸ್ಪಿರಿಟ್ ಅಗ್ಗಕ್ಕೆ ಸಿಗುತ್ತೆ ಅಂತ ಬೆರೆಸ್ತಾರಲ್ಲ, ವಿಷ ಅಲ್ಲಿರೋದು. ವಾಸನೆಯಲ್ಲೋ ರುಚಿಯಲ್ಲೋ ಗೊತ್ತಾಗಲ್ಲ. ಕಣ್ಣು ಮಂಜಾಗುವ ಹೊತ್ತಿಗೆ ತಡವಾಗಿರಬಹುದು. ಹಾಗೆ ಕಣ್ಣು ಮಂಜಾದರೆ ನಿದ್ದೆ ಮಾಡಿಸಬೇಡಿ, ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ನಿಂತಿತು. ಹೆಂಗಸರಿಗೆ ನಿಜಕ್ಕೂ ಸಮಾಧಾನ ಆಯ್ತು. ಆದರೆ ವರ್ಷ ತುಂಬೋ ಮೊದಲೇ, 2008ರ ಮೇನಲ್ಲಿ, ಬೆಂಗಳೂರು, ಕೋಲಾರ, ಹೊಸೂರು ಕಡೆ ಕಳ್ಳಸಾರಾಯಿಗೆ ನೂರಕ್ಕೂ ಹೆಚ್ಚು ಜನ ಹೋದರು. ಸತ್ತವರು ಕೂಲಿ ಮಾಡೋರೇ ಜಾಸ್ತಿ.

ಮದ್ಯ ಜಿಎಸ್‌ಟಿಗೆ ಸೇರಿಲ್ಲ, ಅದರ ತೆರಿಗೆ ರಾಜ್ಯದ್ದೇ. 2023-24ರಲ್ಲಿ ಅಬಕಾರಿಯಿಂದ ಬಂದದ್ದು 34 ಸಾವಿರ ಕೋಟಿಗೂ ಮೇಲೆ. ನನ್ನ ಲೆಕ್ಕದಲ್ಲಿ ಕಾವಲು ಬಿಗಿಯಾಗಿರೋದು ಮೊದಲು ಇದಕ್ಕೆ, ಆಮೇಲೆ ನಮ್ಮ ಜೀವಕ್ಕೆ.

ಒಂದು ವಿಷಯ ಮಾತ್ರ ಗಮನ ಇರಲಿ. ಪಂಪ್ ಮನೆಯಲ್ಲಿ ನಾಲ್ಕು ದಿನ ಡ್ರಮ್ ಇಟ್ಕೊತೀವಿ, ಬಾಡಿಗೆ ಕೊಡ್ತೀವಿ ಅಂತ ಯಾರಾದ್ರೂ ಬಂದರೆ, ಒಳಗೇನಿದೆ ಅಂತ ಮುಚ್ಚಳ ತೆಗೆಸಿ ನೋಡಿ. ದಾಳಿ ಆದ ದಿನ ಡ್ರಮ್ ಇಟ್ಟವನು ಅಲ್ಲಿರಲ್ಲ, ಪಹಣಿಯಲ್ಲಿ ನಿಮ್ಮ ಹೆಸರಿರುತ್ತೆ.